ಚಕ್ರವರ್ತಿಯ ಯುದ್ಧಕ್ಕೆ ಮನೆಯ ಬೆಳ್ಳಿ: ಒಬ್ಬ ಜರ್ಮನ್ ದಳಪತಿಯ ಕುಟುಂಬದ ಪ್ರಕರಣ

ಮೊದಲು ಒಂದು ಲೆಕ್ಕ ನೋಡೋಣ. 1526ರ ಕೊನೆಯಲ್ಲಿ ಒಬ್ಬ ಜರ್ಮನ್ ದಳಪತಿ ಮೂರು ವಾರದೊಳಗೆ 12 ಸಾವಿರದಷ್ಟು ಕಾಲಾಳುಗಳನ್ನು ಸೇರಿಸಿದ. ಆ ಕಾಲಕ್ಕೆ ಸಾಮಾನ್ಯ ಕಾಲಾಳಿನ ಸಂಬಳ ತಿಂಗಳಿಗೆ 4 ಗುಲ್ಡನ್ (ಆಗಿನ ಜರ್ಮನ್ ನಾಣ್ಯ). ಮುಂದಿನ ಸಾಲಿನಲ್ಲಿ ನಿಲ್ಲುವ ಪಳಗಿದವರಿಗೆ ಅದರ ಎರಡರಷ್ಟು. ಎಲ್ಲರಿಗೂ ಬರೀ 4 ಎಂದೇ ಹಿಡಿದರೂ ತಿಂಗಳಿಗೆ 48 ಸಾವಿರ ಬೇಕು. ದಳಪತಿಯ ಕೈಗೆ ಬಂದ ಹಣ ಸುಮಾರು 36 ಸಾವಿರ. ಅಂದರೆ ಮೊದಲ ತಿಂಗಳ ಸಂಬಳಕ್ಕೇ ಕೊರತೆ.

ಈ ಲೆಕ್ಕ ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಅವನು ಮಾಡಿದ್ದೇ ಈ ಕೆಲಸ. ಆದರೂ ಊಟದ ಬೆಳ್ಳಿ ತಟ್ಟೆ, ಹೆಂಡತಿಯ ಒಡವೆ ಮಾರಿ, ಊರಲ್ಲಿ ಸಾಲ ಎತ್ತಿ ಹೊರಟ. ಒಬ್ಬ ತಿಳಿವಳಿಕಸ್ಥ ಇಂಥ ತೀರ್ಮಾನಕ್ಕೆ ಹೇಗೆ ಬರುತ್ತಾನೆ, ಅದರ ಭಾರ ಮನೆಯವರ ಮೇಲೆ ಹೇಗೆ ಬೀಳುತ್ತದೆ ಎನ್ನುವುದೇ ಈ ಪ್ರಕರಣ.

ದಳಪತಿಯ ಹೆಸರನ್ನಾಗಲಿ, ಮನೆತನದ ಹೆಸರನ್ನಾಗಲಿ ಇಲ್ಲಿ ಹೇಳಿಲ್ಲ. ಸತ್ತು ಐದು ಶತಮಾನವಾದವನ ಗುಟ್ಟು ಕಾಯುವುದಕ್ಕಲ್ಲ. ಜರ್ಮನಿಯಲ್ಲಿ ಅವನ ಹೆಸರು ಕೇಳಿದರೆ ಸಾಕು, ಕವಚ ತೊಟ್ಟ ವೀರನ ಚಿತ್ರ ಕಣ್ಣ ಮುಂದೆ ಬಂದುಬಿಡುತ್ತದೆ. ಆಮೇಲೆ ಸಾಲದ ಕಾಗದ ಯಾರಿಗೂ ಕಾಣುವುದಿಲ್ಲ. ಇತಿಹಾಸ ಓದಿದವರು ಅವನನ್ನು ಸುಲಭವಾಗಿ ಗುರುತಿಸುತ್ತಾರೆ. ಗುರುತಿಸಿದರೂ ಸದ್ಯಕ್ಕೆ ವೀರನನ್ನು ಪಕ್ಕಕ್ಕಿಡಿ. ಸುತ್ತಲಿನ ದೊರೆಗಳ ಹೆಸರುಗಳನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ.

ಮನೆತನ ಮತ್ತು ಕಸುಬು

ಇವರ ಮೂಲ ಆಲ್ಪ್ಸ್ ಬೆಟ್ಟಗಳ ಸೀಮೆಯಾದ ಟಿರೋಲ್. ಶ್ವಾಟ್ಸ್ ಎಂಬ ಊರಿನ ಮೇಲಿನ ಗುಡ್ಡದಲ್ಲಿ ಇವರ ಕೋಟೆ ಇತ್ತು. 1467ರಲ್ಲಿ ಅದನ್ನು ಟಿರೋಲಿನ ದೊರೆಗೆ ಮಾರಿ, ಅದೇ ವರ್ಷ ದಕ್ಷಿಣ ಜರ್ಮನಿಯ ಸ್ವಾಬಿಯಾದ ಮಿಂಡಲ್ ನದಿ ದಂಡೆಯ ಒಂದು ಊರನ್ನು ಕೋಟೆ ಸಮೇತ ಕೊಂಡರು. ಶ್ವಾಟ್ಸ್‌ನ ಬೆಟ್ಟಗಳಲ್ಲಿ ಬೆಳ್ಳಿಯ ಗಣಿಗಾರಿಕೆ ಜೋರಾಗುತ್ತಿದ್ದ ಕಾಲ ಅದು. ಈ ಬೆಳ್ಳಿಯ ಮಾತು ಮುಂದೆ ಮತ್ತೆ ಬರುತ್ತದೆ.

ನಮ್ಮ ದಳಪತಿ ಹುಟ್ಟಿದ್ದು 1473ರಲ್ಲಿ, ಹೊಸ ಊರಿನ ಕೋಟೆಯಲ್ಲೇ. ಅಪ್ಪ ಸ್ವಾಬಿಯನ್ ಒಕ್ಕೂಟದ ಸೇನಾ ನಾಯಕ. ಮಗ 1499ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಪರವಾಗಿ ಸ್ವಿಸ್ಸರ ಮೇಲೆ ಹೋದ. ಆ ಯುದ್ಧದಲ್ಲಿ ಇವರ ಕಡೆಗೆ ಸೋಲಾಯಿತು. ಉದ್ದ ಭರ್ಜಿ ಹಿಡಿದು ಒತ್ತಾಗಿ ನಿಲ್ಲುವ ಸ್ವಿಸ್ ಕಾಲಾಳುಗಳ ಮುಂದೆ ಕುದುರೆ ಸವಾರರ ಆಟ ನಡೆಯುವುದಿಲ್ಲ ಎಂಬುದನ್ನು ಅವನು ಅಲ್ಲಿ ಕಣ್ಣಾರೆ ಕಂಡ. ಅದೇ ಮಾದರಿಯಲ್ಲಿ ತಯಾರಾಗುತ್ತಿದ್ದ ಜರ್ಮನ್ ಬಾಡಿಗೆ ಕಾಲಾಳುಗಳಿಗೆ ಲಾಂಡ್ಸ್‌ಕ್ನೆಕ್ಟ್ ಎಂಬ ಹೆಸರಿತ್ತು. ಅವರನ್ನು ಪಳಗಿಸುವುದೇ ಇವನ ಬದುಕಾಯಿತು. 1504ರಲ್ಲಿ ರೇಗನ್ಸ್‌ಬರ್ಗ್ ಹತ್ತಿರದ ಕದನದ ನಂತರ ಚಕ್ರವರ್ತಿಯೇ ಅವನಿಗೆ ನೈಟ್ ಪದವಿ ಕೊಟ್ಟ. 1509ರಿಂದ ವೆನಿಸ್ ಮೇಲಿನ ಯುದ್ಧ. 1522ರಲ್ಲಿ ಮಿಲಾನ್ ಪಕ್ಕದ ಬಿಕೋಕಾದಲ್ಲಿ ಅವನ ಜನ ಅದೇ ಸ್ವಿಸ್ಸರನ್ನು ಸೋಲಿಸಿದರು. 1525ರ ಫೆಬ್ರವರಿ 24ರಂದು ಪವಿಯಾದಲ್ಲಿ ಫ್ರಾನ್ಸಿನ ದೊರೆ ಮೊದಲನೇ ಫ್ರಾನ್ಸಿಸ್ ಸೆರೆ ಸಿಕ್ಕಾಗ ಗೆದ್ದ ಕಡೆಯ ಜರ್ಮನ್ ಕಾಲಾಳುಗಳನ್ನು ನಡೆಸುತ್ತಿದ್ದವನೂ ಇವನೇ.

ಸೈನಿಕರು ಅವನನ್ನು ಅಪ್ಪ ಎನ್ನುತ್ತಿದ್ದರು. ಅವನು ಅವರನ್ನು ಮಕ್ಕಳೇ ಎಂದು ಕರೆಯುತ್ತಿದ್ದ. ಇದು ಬರೀ ಪ್ರೀತಿಯ ಮಾತಲ್ಲ. ಅವನ ವ್ಯವಹಾರವೆಲ್ಲ ನಿಂತಿದ್ದೇ ಈ ನಂಬಿಕೆಯ ಮೇಲೆ.

ಆಗ ದೊರೆಗಳಿಗೆ ಕಾಯಂ ಸೈನ್ಯ ಎಂಬುದು ಇರಲಿಲ್ಲ ಎಂದೇ ಹೇಳಬಹುದು. ಯುದ್ಧ ಬಂದಾಗ ದೊರೆ ಒಬ್ಬ ಹೆಸರಾಂತ ನಾಯಕನಿಗೆ ಒಪ್ಪಂದದ ಪತ್ರ ಕೊಡುತ್ತಿದ್ದ. ಜೊತೆಗೆ ಸ್ವಲ್ಪ ಮುಂಗಡ, ಜಾಸ್ತಿ ಭರವಸೆ. ನಾಯಕ ತನಗೆ ಗೊತ್ತಿದ್ದ ಕ್ಯಾಪ್ಟನ್‌ಗಳಿಗೆ ಹೇಳಿ ಕಳಿಸುತ್ತಿದ್ದ. ಅವರು ಊರೂರಲ್ಲಿ ಡೋಲು ಬಾರಿಸಿ ಜನ ಕೂಡಿಸುತ್ತಿದ್ದರು. ಬಂದವರಿಗೆ ನಿಯಮಗಳನ್ನು ಓದಿ ಹೇಳಿ ಪ್ರಮಾಣ ಮಾಡಿಸುತ್ತಿದ್ದರು. ಸರ್ಕಾರಿ ಕೆಲಸ ಹಿಡಿದು, ಬಿಲ್ ಪಾಸಾಗುವ ಮೊದಲೇ ಕೈಯಿಂದ ಕೂಲಿ ಕೊಡುವ ಗುತ್ತಿಗೆದಾರನಿರುತ್ತಾನಲ್ಲ, ಹೆಚ್ಚುಕಡಿಮೆ ಅದೇ ಸ್ಥಿತಿ. ಕೂಲಿಗೆ ಬಂದವರಿಗೆ ದೊರೆಯ ಮುಖ ಗೊತ್ತಿಲ್ಲ. ಕರೆದವನನ್ನು ನೋಡಿ ಅವರು ಬಂದಿರುತ್ತಾರೆ.

ಮೊದಲ ಹೆಂಡತಿ 1518ರಲ್ಲಿ ತೀರಿಕೊಂಡಳು. ಎರಡನೆಯವಳು ಟ್ರೆಂಟೋ ಕಡೆಯ ಗುಡ್ಡಗಾಡಿನ ಒಂದು ಕೌಂಟ್ ಮನೆತನದವಳು. ಹಿರಿಯ ಮಗ ಅಪ್ಪನ ಕಸುಬಿಗೇ ಇಳಿದು ಇಟಲಿಯಲ್ಲಿದ್ದ. ಇನ್ನೊಬ್ಬ ಮಗನೂ ಅದೇ ದಾರಿ ಹಿಡಿದ. ಈ ಮನೆಯಲ್ಲಿ ದುಡಿಮೆ ಎಂದರೆ ಚಕ್ರವರ್ತಿಯ ಸೇವೆ. ಬೇರೆ ದಾರಿ ಎಂದರೆ ಊರಿನ ಕಂದಾಯ, ಅಷ್ಟೇ. ಪ್ರಕರಣದ ಬೇರು ಇಲ್ಲಿದೆ ಅಂತ ನನಗನ್ನಿಸುತ್ತದೆ. ಅಪ್ಪ, ಮಕ್ಕಳು, ಆಸ್ತಿ, ಎಲ್ಲ ಒಬ್ಬನೇ ಒಬ್ಬ ಗಿರಾಕಿಯ ಕೈಯಲ್ಲಿ.

1526: ಕರೆ ಬಂತು, ಹಣ ಬರಲಿಲ್ಲ

ಪವಿಯಾ ಗೆದ್ದ ಮೇಲೆ ದಳಪತಿ ಊರಿಗೆ ಮರಳಿದ. ವಯಸ್ಸು ಐವತ್ತು ದಾಟಿತ್ತು, ಮೈ ಭಾರವಾಗಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಆದರೆ 1526ರ ಮೇ ತಿಂಗಳಲ್ಲಿ ಪೋಪ್ ಏಳನೇ ಕ್ಲೆಮೆಂಟ್, ಫ್ರಾನ್ಸ್, ವೆನಿಸ್, ಮಿಲಾನ್, ಫ್ಲಾರೆನ್ಸ್ ಸೇರಿ ಕೊನ್ಯಾಕ್‌ನಲ್ಲಿ ಒಕ್ಕೂಟ ಕಟ್ಟಿಕೊಂಡವು. ಗುರಿ ಚಕ್ರವರ್ತಿ ಐದನೇ ಚಾರ್ಲ್ಸ್. ಉತ್ತರ ಇಟಲಿಯ ಲೊಂಬಾರ್ಡಿಯಲ್ಲಿದ್ದ ಅವನ ಸೈನ್ಯಕ್ಕೆ ಸಂಬಳವೂ ಇಲ್ಲ, ನೆರವೂ ಇಲ್ಲ. ಚಾರ್ಲ್ಸ್ ಸ್ಪೇನಿನಲ್ಲಿ ಕೂತಿದ್ದ. ಜರ್ಮನಿಯ ಜವಾಬ್ದಾರಿ ತಮ್ಮ ಫರ್ಡಿನಾಂಡ್ ಮೇಲೆ. ಅಷ್ಟರಲ್ಲಿ ಆಗಸ್ಟ್ 29ರಂದು ಮೊಹಾಚ್‌ನಲ್ಲಿ ಹಂಗೇರಿಯ ಸೈನ್ಯ ತುರ್ಕರ ಎದುರು ಪುಡಿಯಾಯಿತು, ಹಂಗೇರಿಯ ದೊರೆಯೇ ಸತ್ತ. ಫರ್ಡಿನಾಂಡನ ಗಮನ, ಇದ್ದಬದ್ದ ಹಣ ಎರಡೂ ಆ ಕಡೆ ತಿರುಗಿದವು. ಲೊಂಬಾರ್ಡಿಯಿಂದ ದಳಪತಿಗೆ ಕರೆ ಬಂದದ್ದು ಇಂಥ ಹೊತ್ತಿನಲ್ಲಿ.

ಮೊದಲ ತಿರುವು ಇದು. ಅವನ ಮುಂದೆ ಏನೇನು ದಾರಿಗಳಿದ್ದವು? ವಯಸ್ಸಾಯಿತು ಅಂತ ಹೇಳಿ ಮನೆಯಲ್ಲಿರಬಹುದಿತ್ತು. ಸಿಕ್ಕ ಹಣಕ್ಕೆ ತಕ್ಕಷ್ಟೇ ಜನ ಸೇರಿಸಬಹುದಿತ್ತು. ಕೊರತೆ ಹಣಕ್ಕೆ ಏನಾದರೂ ಗಟ್ಟಿ ಆಧಾರ ಕೇಳಬಹುದಿತ್ತು. ಒಂದು ಗಣಿ, ಒಂದು ಸುಂಕದ ಕಟ್ಟೆ, ಒಂದು ಊರಿನ ಕಂದಾಯ, ಹೀಗೆ.

ಮೂರನೆಯದು ಕನಸಿನ ಮಾತಲ್ಲ. ಅವನ ಊರಿನಿಂದ ದೂರವೇನಲ್ಲದ ಆಗ್ಸ್‌ಬರ್ಗ್‌ನ ಫುಗ್ಗರ್ ಎಂಬ ಲೇವಾದೇವಿ ಮನೆಯವರು ಮಾಡುತ್ತಿದ್ದದ್ದೇ ಅದು. ಅವರು ಚಕ್ರವರ್ತಿಯ ಮನೆತನವಾದ ಹ್ಯಾಬ್ಸ್‌ಬರ್ಗ್ ದೊರೆಗಳಿಗೆ ಸುಮ್ನೆ ಸಾಲ ಕೊಡುತ್ತಿರಲಿಲ್ಲ. ಟಿರೋಲಿನ ಬೆಳ್ಳಿ, ತಾಮ್ರವನ್ನು ಆಧಾರವಾಗಿ ಬರೆಸಿಕೊಳ್ಳುತ್ತಿದ್ದರು. ನಮ್ಮ ದಳಪತಿಯ ಹಿರಿಯರು ಮಾರಿ ಬಂದ ಶ್ವಾಟ್ಸ್ ಬೆಳ್ಳಿಯೂ ಅದರಲ್ಲಿ ಸೇರಿತ್ತು. 1519ರಲ್ಲಿ ಚಾರ್ಲ್ಸ್ ಚಕ್ರವರ್ತಿಯಾಗಿ ಆರಿಸಿಬರಲು ಯಾಕೋಬ್ ಫುಗ್ಗರ್ ಕೊಟ್ಟದ್ದು ಐದು ಲಕ್ಷ ಗುಲ್ಡನ್‌ಗೂ ಹೆಚ್ಚು. 1523ರಲ್ಲಿ ಅವನು ಚಕ್ರವರ್ತಿಗೇ ಕಾಗದ ಬರೆದು, ನನ್ನ ನೆರವಿಲ್ಲದೆ ನಿಮಗೆ ಈ ಕಿರೀಟ ಸಿಗುತ್ತಿರಲಿಲ್ಲ, ಬಾಕಿ ಕೊಡಿ ಎಂಬ ಅರ್ಥದಲ್ಲಿ ಕೇಳಿದ. ಅದೇ ಚಕ್ರವರ್ತಿಗೆ ಅದೇ ಸೀಮೆಯ ಇನ್ನೊಬ್ಬ ತನ್ನ ಹೆಂಡತಿಯ ಒಡವೆ ಮಾರಿ ಹಣ ಹೊಂದಿಸಿದ. ಬದಲಿಗೆ ಅವನ ಕೈಯಲ್ಲಿ ಇದ್ದದ್ದು ಮುಂದೆ ಕೊಡುತ್ತೇವೆ ಎಂಬ ಮಾತು.

ಯಾಕೆ ಹೀಗೆ ಮಾಡಿದ? ಸ್ವಾಮಿನಿಷ್ಠೆ ಎಂದು ಜರ್ಮನ್ ಕಥೆಗಳು ಹೇಳುತ್ತವೆ. ಅದು ಸುಳ್ಳಲ್ಲ, ಅದೊಂದೇ ಅಲ್ಲ ಅಷ್ಟೇ. ಹಿರಿಯ ಮಗ ಆ ಸೈನ್ಯದಲ್ಲೇ ಸಿಕ್ಕಿಕೊಂಡಿದ್ದ. ಜೊತೆಗೆ ಇಟಲಿ ಕೈಬಿಟ್ಟರೆ ಮುಂದಿನ ಕೆಲಸವೂ ಇಲ್ಲ, ಮಾಡಿದ ಕೆಲಸದ ಬಾಕಿ ಕೇಳಲು ಬಾಯೂ ಇಲ್ಲ. ಮುಳುಗುತ್ತಿರುವ ಗಿರಾಕಿಗೆ ಹಳೆ ಬಾಕಿಯ ಆಸೆಯಿಂದ ಇನ್ನಷ್ಟು ಕೊಡುವುದು ವ್ಯಾಪಾರದಲ್ಲಿ ಹೊಸದೇನಲ್ಲ, ಅಲ್ವಾ? ಪೋಪನನ್ನು ನೇಣಿಗೆ ಹಾಕಲು ಅವನು ಚಿನ್ನದ ಹಗ್ಗ ಒಯ್ದಿದ್ದ ಎಂಬ ಕಥೆಯೂ ಇದೆ. ಊಟದ ತಟ್ಟೆ ಮಾರಿ ಹೊರಟವನಿಗೆ ಚಿನ್ನದ ಹಗ್ಗ ಎಲ್ಲಿಂದ ಬರಬೇಕು ಎಂದು ಕಥೆ ಕಟ್ಟಿದವರು ಯೋಚಿಸಿದಂತಿಲ್ಲ.

ಗೆಲುವು ಬಂತು, ಆದರೂ

ನವೆಂಬರ್ ಮಧ್ಯದಲ್ಲಿ ಸೈನ್ಯ ಆಲ್ಪ್ಸ್ ದಾಟಿತು. ಎಂದಿನ ಕಣಿವೆ ದಾರಿಯಲ್ಲಿ ವೆನಿಸ್‌ನವರು ಕಾದಿದ್ದರು. ಹಾಗಾಗಿ ಹೆಂಡತಿಯ ತವರಿನ ಕಡೆಯ ಗುಡ್ಡಗಳ ಕಾಲುದಾರಿ ಹಿಡಿದರು. ಕಡಿದಾದ ಜಾಗದಲ್ಲಿ ಸೈನಿಕರು ತಮ್ಮ ಉದ್ದ ಭರ್ಜಿಗಳನ್ನೇ ಕೈಗಂಬಿಯಂತೆ ಹಿಡಿದು ನಿಂತು, ಅವನನ್ನು ಹಿಂದಿನಿಂದ ತಳ್ಳಿ ಹತ್ತಿಸಿದರಂತೆ. ಈ ಚಿತ್ರ ನೆನಪಿರಲಿ. ನಾಲ್ಕು ತಿಂಗಳಲ್ಲಿ ಅದೇ ಭರ್ಜಿಗಳು ಅವನ ಕಡೆಗೇ ತಿರುಗಲಿವೆ.

ನವೆಂಬರ್ 25ರಂದು ಮಿಂಚಿಯೋ ನದಿ ಪೋ ನದಿಗೆ ಸೇರುವ ಕಡೆ, ಗವರ್ನೋಲೋದಲ್ಲಿ, ಒಕ್ಕೂಟದ ಕಡೆಯ ಜೊವಾನ್ನಿ ದೆ ಮೆದಿಚಿ ಇವರನ್ನು ಅಡ್ಡಗಟ್ಟಿದ. ಆ ಕಾಲದ ಇಟಲಿಯಲ್ಲಿ ಅವನಷ್ಟು ಚುರುಕಾದ ಸೇನಾನಿ ಇನ್ನೊಬ್ಬನಿರಲಿಲ್ಲ. ಇವರ ಹತ್ತಿರ ತೋಪು ಇರಲಾರದು ಅಂದುಕೊಂಡಿದ್ದ. ಆದರೆ ಫೆರಾರಾದ ಡ್ಯೂಕ್ ಅಲ್ಫೋನ್ಸೊ ಗುಟ್ಟಾಗಿ ಕೆಲವು ಸಣ್ಣ ತೋಪುಗಳನ್ನು ಕಳಿಸಿದ್ದ. ಒಂದು ಗುಂಡು ಜೊವಾನ್ನಿಯ ಕಾಲಿಗೆ ಬಿತ್ತು. ಮಾಂಟುವಾದಲ್ಲಿ ಕಾಲು ಕತ್ತರಿಸಿದರು. ನವೆಂಬರ್ 30ರಂದು ಅವನು ಸತ್ತ. ದಾರಿ ತೆರೆಯಿತು.

ಸೈನಿಕ ಲೆಕ್ಕದಲ್ಲಿ ಇದು ದೊಡ್ಡ ಗೆಲುವು. ಹಣದ ಲೆಕ್ಕದಲ್ಲಿ ಏನೂ ಅಲ್ಲ. ಗೆದ್ದ ಊರಿಲ್ಲ, ಸಿಕ್ಕ ಖಜಾನೆ ಇಲ್ಲ, ಬಿಡುಗಡೆ ಹಣ ಕೊಡುವ ಸೆರೆಯಾಳುಗಳಿಲ್ಲ. ಮೊದಲ ತಿಂಗಳ ಹಣ ಅಷ್ಟರಲ್ಲಿ ಮುಗಿದಿತ್ತು. ಎರಡನೇ ತಿರುವು ಇಲ್ಲಿದೆ. ಇದನ್ನು ಯಾರೂ ತಿರುವು ಎಂದು ಗುರುತಿಸಿದ್ದು ನಾನು ಕಂಡಿಲ್ಲ. ಒಳ್ಳೆಯ ಸುದ್ದಿಯನ್ನು ಕಳಿಸಿ, ಇನ್ನು ಸಂಬಳ ಕಳಿಸಿ ಎಂದು ಅಲ್ಲೇ ಕೂರಬಹುದಾದ ಜಾಗ ಅದು. ಹಾಗೆ ಮಾಡದೆ ಅವನು ಮುಂದೆ ಹೋದ. ಪಿಯಾಚೆಂಝಾ ಹತ್ತಿರ ಚಳಿಗಾಲ ಕಳೆದು, ಫೆಬ್ರವರಿಯಲ್ಲಿ, ಇಟಲಿಯಲ್ಲಿ ಚಕ್ರವರ್ತಿಯ ಸೇನಾಪತಿಯಾಗಿದ್ದ ಬೂರ್ಬನ್ ಡ್ಯೂಕ್ ಚಾರ್ಲ್ಸ್‌ನ ಸೈನ್ಯದ ಜೊತೆ ಸೇರಿದ. ಬೂರ್ಬನ್ ಜೊತೆ ಸೇರಿದರೆ ಹಣ ಸಿಗಬಹುದು ಅಂತ ಇವರ ಆಸೆ. ಮಿಲಾನ್ ಜನರನ್ನು ಹಿಂಡಿ ಹಿಂಡಿ ಬೂರ್ಬನ್‌ನ ಕೈಯೂ ಬರಿದಾಗಿತ್ತು. ಕಾಸಿಲ್ಲದ ಎರಡು ಸೈನ್ಯಗಳು ಒಂದಾದವು.

ಮಾರ್ಚ್‌ನಲ್ಲಿ ಅವರು ಬೊಲೋನಾ ಹತ್ತಿರದ ಸಾನ್ ಜೊವಾನ್ನಿಯಲ್ಲಿ ಬಿಡಾರ ಹೂಡಿದ್ದರು. ಮಳೆ, ಹಿಮ, ಕೆಸರು. ಮೊದಲು ತಿರುಗಿಬಿದ್ದವರು ಸ್ಪ್ಯಾನಿಷ್ ಸೈನಿಕರು. ಬೂರ್ಬನ್‌ನ ಬಿಡಾರವನ್ನೇ ದೋಚಿದರು, ಅವನು ಅಡಗಿಕೊಂಡು ಉಳಿದ. ಆಮೇಲೆ ಜರ್ಮನ್ನರೂ ಹಣ ಹಣ ಎಂದು ಕೂಗತೊಡಗಿದರು. ತಿಂಗಳಿಗೆ 48 ಸಾವಿರದಂತೆ ಲೆಕ್ಕ ಹಾಕಿದರೆ, ನಾಲ್ಕು ತಿಂಗಳಿಗೆ ಅವರಿಗೆ ಸಲ್ಲಬೇಕಿದ್ದದ್ದು ಎರಡು ಲಕ್ಷದ ಹತ್ತಿರ.

ದಳಪತಿ ಡೋಲು ಬಾರಿಸಿ ಎಲ್ಲರನ್ನೂ ಸುತ್ತ ನಿಲ್ಲಿಸಿದ. ಇನ್ನು ಸ್ವಲ್ಪ ತಾಳಿ ಎಂದು ಕೇಳಿಕೊಂಡ. ಇಷ್ಟು ವರ್ಷ ಈ ಮಾತು ನಡೆದಿತ್ತು. ಈ ಸಲ ಭರ್ಜಿಗಳು ಅವನ ಕಡೆ ಬಾಗಿದವು. ಅವನು ಮಾತು ನಿಂತು ಕುಸಿದ. ಪಕ್ಕದ ಡೋಲಿನ ಮೇಲೆ ಕೂರಿಸಿದರು. ಪಾರ್ಶ್ವವಾಯು ಹೊಡೆದಿತ್ತು.

ಸೈನಿಕರನ್ನು ಕೃತಘ್ನರು ಅನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಚಕ್ರವರ್ತಿ ಸ್ಪೇನಿನಲ್ಲಿ, ಅವನ ತಮ್ಮ ಹಂಗೇರಿಯ ಚಿಂತೆಯಲ್ಲಿ. ಹರಿದ ಬೂಟಿನಲ್ಲಿ ನಿಂತವನ ಕಣ್ಣಿಗೆ ಬಿದ್ದ ಸಾಲಗಾರ ಒಬ್ಬನೇ. ಅಪ್ಪ ಎಂದು ಕರೆಸಿಕೊಂಡವನ ಮಾತು ನಂಬಿ ಬಂದಿದ್ದೆವು ಎಂಬುದು ಅವರ ಕಡೆಯ ನ್ಯಾಯ. ಅವರ ಲೆಕ್ಕ ತಪ್ಪಾಗಿರಲಿಲ್ಲ.

ಆಮೇಲಿನದು ಲೋಕಕ್ಕೆ ಗೊತ್ತು. ಪೋಪ್ ಮತ್ತು ಚಕ್ರವರ್ತಿಯ ಪ್ರತಿನಿಧಿ ಸಂಧಾನ ಮಾಡಿಕೊಂಡು ಸೈನ್ಯಕ್ಕೆ 60 ಸಾವಿರ ಡುಕಾಟ್ (ಚಿನ್ನದ ನಾಣ್ಯ) ಕೊಡುವ ಮಾತಾಡಿದರು. ಸೈನಿಕರು ಕೇಳಲಿಲ್ಲ. ಆ ಬಾಕಿಗೆ ಅದು ಯಾವ ಮೂಲೆಗೆ? ಮೇ 6ರಂದು ರೋಮ್ ನಗರ ಲೂಟಿಯಾಯಿತು. ಬೂರ್ಬನ್ ಗೋಡೆ ಹತ್ತುವಾಗಲೇ ಸತ್ತ. ಹಿಡಿತವಿಟ್ಟುಕೊಳ್ಳಬಲ್ಲ ಒಬ್ಬ ಹಿರಿಯನಿದ್ದನಲ್ಲ, ಅವನು ಆಗ ಮಾತು ಎಳೆಯುತ್ತಾ ಫೆರಾರಾದಲ್ಲಿ ಹಾಸಿಗೆ ಹಿಡಿದಿದ್ದ.

ಮನೆಗೆ ಬಂದದ್ದು

ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಇಟಲಿಯಲ್ಲೇ ನರಳಿದ. 1528ರ ಆಗಸ್ಟ್‌ನಲ್ಲಿ ಊರಿಗೆ ತಂದರು. ಆಗಸ್ಟ್ 20ರಂದು ತನ್ನ ಕೋಟೆಯಲ್ಲೇ ತೀರಿಕೊಂಡ. ಅದೇ ವರ್ಷ ಒಬ್ಬ ಮಗ ರೋಮ್‌ನಲ್ಲಿ ಸತ್ತಿದ್ದ. ಅವನ ಸಮಾಧಿ ಅಲ್ಲಿನ ಜರ್ಮನ್ನರ ಚರ್ಚಾದ ಸಾಂತಾ ಮರಿಯಾ ದೆಲ್ಲ'ಆನಿಮಾದಲ್ಲಿದೆ. ಮನೆಯ ಆಸ್ತಿ ಸಾಲದಲ್ಲಿತ್ತು.

ಯುದ್ಧ ಬೇಡವೆನ್ನಲು ಮೂರು ಕಾರಣ ಸಾಕು ಎಂದು ಅವನು ಹೇಳುತ್ತಿದ್ದನಂತೆ. ತಪ್ಪಿಲ್ಲದ ಬಡವರು ಹಾಳಾಗುವುದು, ಸೈನಿಕರ ಅಂಕೆಯಿಲ್ಲದ ಬಾಳು, ದೊರೆಗಳ ಕೃತಘ್ನತೆ. ಇದನ್ನು ದಾಖಲಿಸಿದವನು ಆ ಕೊನೆಯ ದಂಡಯಾತ್ರೆಯಲ್ಲಿ ಜೊತೆಗಿದ್ದ ಅವನ ಕಾರ್ಯದರ್ಶಿ. ಅಪ್ಪ ಮಗ ಇಬ್ಬರ ಚರಿತ್ರೆಯನ್ನು ಬರೆದು 1568ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚು ಹಾಕಿಸಿದ. ಯಜಮಾನನ ಬಗ್ಗೆ ಅವನಿಗೆ ಅಭಿಮಾನ ಜಾಸ್ತಿ, ಹಾಗಾಗಿ ಸ್ವಲ್ಪ ಕಳೆದು ಓದಬೇಕು. ಆದರೆ ಮೂರನೇ ಕಾರಣವನ್ನು ನಂಬಲು ನನಗೆ ತೊಂದರೆಯಿಲ್ಲ.

ಈಗ ಮೂರನೇ ತಿರುವು. ಇದು ದಳಪತಿಯದಲ್ಲ, ಹಿರಿಯ ಮಗನದು. ಚಕ್ರವರ್ತಿಯ ಸೇವೆಯಿಂದಲೇ ಸಾಲ ಹತ್ತಿದೆ. ಮಗ ಏನು ಮಾಡಿದ? ಮತ್ತೆ ಅದೇ ಸೇವೆಗೆ ಹೋದ. 1536ರಲ್ಲಿ, ಚಾರ್ಲ್ಸ್ ಫ್ರಾನ್ಸಿನ ಪ್ರೊವಾನ್ಸ್ ಮೇಲೆ ದಂಡೆತ್ತಿದ ವರ್ಷ, ಅವನೂ ತೀರಿಕೊಂಡ. ಅಪ್ಪ ಸತ್ತು ಎಂಟೇ ವರ್ಷ. ಉಳಿದದ್ದು 1533ರಲ್ಲಿ ಹುಟ್ಟಿದ ಒಂದು ಮಗು.

ಮಗನನ್ನು ಮೂರ್ಖ ಅನ್ನಲಾರೆ. ಬಾಕಿ ಕೊಡಬೇಕಾದವನು ಚಕ್ರವರ್ತಿ. ಅವನ ಮೇಲೆ ಯಾವ ಕೋರ್ಟಿಗೆ ಹೋಗುವುದು? ಸೇವೆಯಲ್ಲಿದ್ದರೆ ಕೇಳುವ ದಾರಿಯಾದರೂ ತೆರೆದಿರುತ್ತದೆ. ಬಿಟ್ಟರೆ ಅದೂ ಇಲ್ಲ. ಇಂಥ ಸಾಲ ಕೊಟ್ಟವನನ್ನು ಸಾಲಗಾರನ ಮನೆ ಬಾಗಿಲಿಗೇ ಕಟ್ಟಿಹಾಕುತ್ತದೆ. ಫುಗ್ಗರ್‌ಗಳಿಗೂ ಈ ತೊಂದರೆ ಇರಲಿಲ್ಲವೆಂದಲ್ಲ, ಅವರೂ ಮುಂದೆ ಹ್ಯಾಬ್ಸ್‌ಬರ್ಗ್ ಸಾಲಗಳಲ್ಲಿ ಬಹಳ ಕಳೆದುಕೊಂಡರು. ಆದರೆ ಅಷ್ಟರವರೆಗೆ ಗಣಿಯ ಬೆಳ್ಳಿ ಅವರ ಕೈಗೆ ಬರುತ್ತಲೇ ಇತ್ತು. ದಳಪತಿಯ ಮನೆಗೆ ಅಂಥ ಒಂದು ಒರತೆಯೂ ಇರಲಿಲ್ಲ.

ಈ ಪ್ರಕರಣವನ್ನು ಪಾಠಕ್ಕೆ ಬಳಸುವವರು ಸಾಮಾನ್ಯವಾಗಿ ಮಾರ್ಚ್‌ನ ಆ ಡೋಲಿನ ದೃಶ್ಯಕ್ಕೆ ಬಂದು ನಿಲ್ಲುತ್ತಾರೆ, ನಾಯಕತ್ವ ಅಂತೆಲ್ಲ ಮಾತಾಡುತ್ತಾರೆ. ನನ್ನ ಪ್ರಕಾರ ನೋಡಬೇಕಾದದ್ದು ಅದಕ್ಕಿಂತ ಮುಂಚಿನ ಆ ಮೂರು ವಾರ. ಡೋಲಿನ ಹೊತ್ತಿಗೆ ತೀರ್ಮಾನಿಸಲು ಏನೂ ಉಳಿದಿರಲಿಲ್ಲ. 12 ಸಾವಿರದ ಬದಲು 6 ಸಾವಿರ ಜನರನ್ನು ಕಟ್ಟಿಕೊಂಡು ಹೊರಟಿದ್ದರೆ ಇದೇ 36 ಸಾವಿರ ಒಂದೂವರೆ ತಿಂಗಳು ಬರುತ್ತಿತ್ತು, ಅಷ್ಟರಲ್ಲಿ ಗವರ್ನೋಲೋ ಮುಗಿದಿರುತ್ತಿತ್ತು. ಅಷ್ಟು ಕಡಿಮೆ ಜನರಿಂದ ಗವರ್ನೋಲೋ ಗೆಲ್ಲಲಾಗುತ್ತಿತ್ತೇ ಎಂಬ ಪ್ರಶ್ನೆ ಇದ್ದೇ ಇದೆ. ಹೆಂಡತಿಯ ಒಡವೆಯ ವಿಷಯವಂತೂ ಬೇರೆಯೇ. ಅದು ಗುತ್ತಿಗೆಯ ಬಂಡವಾಳ ಅಲ್ಲ. ಗಂಡನಿಗೆ ಏನಾದರೂ ಆದರೆ ಅವಳಿಗೆ ಉಳಿಯಬೇಕಾದ ಗಂಟು ಅದು. ಗಂಡನಿಗೆ ಏನಾದರೂ ಆಗುವ ಸಾಧ್ಯತೆ ಅತಿ ಹೆಚ್ಚಿದ್ದ ಹೊತ್ತಿನಲ್ಲೇ ಅದನ್ನು ಮಾರಲಾಯಿತು. ಆ ಬಗ್ಗೆ ಅವಳನ್ನು ಯಾರೂ ಕೇಳಿದ ಹಾಗಿಲ್ಲ. ಕಾರ್ಯದರ್ಶಿಯ ಚರಿತ್ರೆಯಂತೂ ಇಬ್ಬರು ಗಂಡಸರದು.

ಮೊಮ್ಮಗ ಬೆಳೆದ, ಊರನ್ನು ಆಳಿದ. ಸಾಲವೂ ಜೊತೆಗೇ ಬೆಳೆಯಿತು. 1586ರಲ್ಲಿ ಅವನು ಗಂಡು ಸಂತಾನವಿಲ್ಲದೆ ಸತ್ತಾಗ ವಂಶ ಮುಗಿಯಿತು. ಆಸ್ತಿಗಾಗಿ ಎರಡು ಮನೆತನಗಳು ಕಿತ್ತಾಡಿದವು. ಒಂದು ಮಾಕ್ಸಲ್‌ರೈನ್, ಇನ್ನೊಂದು ಫುಗ್ಗರ್. ಹೌದು, ಅದೇ ಫುಗ್ಗರ್. ಕೊನೆಗೆ ಬವೇರಿಯಾದ ದೊರೆ ಮ್ಯಾಕ್ಸಿಮಿಲಿಯನ್ ಊರನ್ನು ತನ್ನದಾಗಿಸಿಕೊಂಡ.

1704ರಲ್ಲಿ ಇಂಗ್ಲಿಷ್ ಸೇನಾನಿ ಮಾರ್ಲ್‌ಬರೋ ಡ್ಯೂಕ್ ಬ್ಲೆನ್‌ಹೈಮ್ ಯುದ್ಧದಲ್ಲಿ ಬವೇರಿಯಾ ಮತ್ತು ಫ್ರಾನ್ಸನ್ನು ಸೋಲಿಸಿ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯನ್ನು ಉಳಿಸಿದ. ಋಣ ತೀರಿಸಬೇಕಲ್ಲ. 1705ರಲ್ಲಿ ಚಕ್ರವರ್ತಿ ಅವನಿಗೆ ಇದೇ ಊರನ್ನು ಒಂದು ಸಂಸ್ಥಾನವಾಗಿ ಮಾಡಿ ಬಹುಮಾನ ಕೊಟ್ಟ. 1714ರ ಶಾಂತಿ ಒಪ್ಪಂದದಲ್ಲಿ ಅದನ್ನು ಬವೇರಿಯಾಗೆ ವಾಪಸ್ ಕೊಡಲಾಯಿತು. ಮಾರ್ಲ್‌ಬರೋಗೆ ಪರಿಹಾರ ಸಿಗಲಿಲ್ಲ.